ಮಸಿಯಲ್ಲ, ಬಿಸಿ

ಅಣ್ಣಾ,

ತೀರ್ಥರೂಪ ಎಂದು ಬರೆಯಲು ಹೊರಟು ಎರಡು ಹಾಳೆ ಹರಿದು ಹಾಕಿದೆ. ಕೈ ಬರಲಿಲ್ಲ. ಬರೀ ಅಣ್ಣ ಎಂದಷ್ಟೇ ಬರೆದಿದ್ದೇನೆ. ಒಂದೇ ಹೊಟ್ಟೆಯಿಂದ ಬಂದವರು ನಾವು, ಅದನ್ನು ಹರಿದು ಹಾಕಲು ಆಗುವುದಿಲ್ಲವಲ್ಲ. ನೀನು ಹೋಗಿ ನಾಲ್ಕು ತಿಂಗಳಾಯಿತು. ಮನೆಗೆ ಬಂದವರೆಲ್ಲ ನಿನ್ನ ಗುಣಗಾನ ಮಾಡಿ ಕಣ್ಣೊರೆಸಿಕೊಳ್ಳುತ್ತಾರೆ. ನಾನು ಚಹಾ ಕೊಟ್ಟು ಒಳಗೆ ಹೋಗುತ್ತೇನೆ. ಪಾಪ, ತಂಗಿ ದುಃಖದಲ್ಲಿ ಮೂಕಿಯಾಗಿದ್ದಾಳೆ ಎಂದು ಅವ್ವನ ಹತ್ತಿರ ಹೇಳುತ್ತಾರಂತೆ. ನನಗಿರುವುದು ದುಃಖವಲ್ಲ. ಸಿಟ್ಟು. ನೀನು ಬದುಕಿದ್ದಾಗ ಅದನ್ನು ನಿನ್ನ ಮುಖದ ಮೇಲೆ ಹೇಳುವ ಧೈರ್ಯವಿರಲಿಲ್ಲ, ಈಗ ಬರೆಯುತ್ತಿದ್ದೇನೆ.

ನೀನು ಹೈದರಾಬಾದಿನಲ್ಲಿ ಓದು ಮುಗಿಸಿ ಕೊಪ್ಪಳಕ್ಕೆ ಬಂದಿಳಿದ ದಿನ ನೆನಪಿದೆಯೇ? ಟ್ರಂಕಿನಲ್ಲಿ ಬಟ್ಟೆಗಿಂತ ಗಾಜಿನ ಸಾಮಾನೇ ಹೆಚ್ಚಿತ್ತು. ಒಂದು ಹಳೆ ಧೋತರದಲ್ಲಿ ಸುತ್ತಿದ್ದ ಉಷ್ಣಮಾಪಕವನ್ನು ಎಲ್ಲಕ್ಕಿಂತ ಮೊದಲು ಹೊರಗೆ ತೆಗೆದೆ. ನಾನು ಕುಷ್ಟಗಿಯ ಗಂಡನ ಮನೆಯಿಂದ ಸೀರೆಯ ಗಂಟಿನೊಂದಿಗೆ ತಿರುಗಿ ಬಂದು ಆಗಿನ್ನೂ ಒಂದು ವರ್ಷವಾಗಿರಲಿಲ್ಲ. ಊರ ಹೆಂಗಸರು ನನ್ನನ್ನು ನೋಡಿ ಮಾತು ನಿಲ್ಲಿಸುತ್ತಿದ್ದ ಕಾಲ ಅದು. ನೀನು ನನ್ನನ್ನು ಅಡುಗೆಮನೆಯಿಂದ ಕರೆದು, ಬಿಸಿನೀರಿನ ಚರಿಗೆಯ ಮುಂದೆ ಕೂರಿಸಿದೆ. "ನೀಲಾ, ಪಾದರಸ ಎಲ್ಲಿಗೆ ನಿಂತೈತಿ ನೋಡಿ ಹೇಳು" ಎಂದೆ. ನಾನು ತಪ್ಪು ಹೇಳಿದೆ. "ಇನ್ನೊಮ್ಮೆ ನೋಡು" ಎಂದೆ, ಬೈಯಲಿಲ್ಲ. ಅಕ್ಷರ ಕಲಿಸಿದವನು ನೀನು, ಗೆರೆ ಓದಲು ಕಲಿಸಿದವನು ನೀನು. ಇದನ್ನು ಬರೆಯದೆ ಬಿಟ್ಟರೆ ನಾನೂ ನಿನ್ನಂತೆಯೇ ಆಗುತ್ತೇನೆ, ಅದಕ್ಕೇ ಬರೆದೆ.

ಯುದ್ಧ ಶುರುವಾಗಿ ಪರದೇಶದ ಬಣ್ಣದ ಡಬ್ಬಿಗಳು ಬರುವುದು ನಿಂತ ವರ್ಷ, ಕಿನ್ನಾಳದ ಹಿರಿಯ ಚಿತ್ರಗಾರರು ನಮ್ಮ ಪಡಸಾಲೆಗೆ ಬಂದು ಕೂತಿದ್ದರು. ಗೊಂಬೆಗಳಿಗೆ ಬಳಿಯಲು ಹಳದಿ ಇಲ್ಲ, ಗರುಡನ ರೆಕ್ಕೆ ಬರೀ ಕಟ್ಟಿಗೆಯಾಗಿ ನಿಂತಿದೆ ಎಂದು ಹೇಳಿಕೊಂಡರು. ನೀನು ನಕ್ಕು, "ಕಬ್ಬಿಣದಿಂದ ಹಳದಿ ಮಾಡಿ ಕೊಡ್ತೀನಿ, ನೋಡ್ತಾ ಇರ್ರಿ" ಎಂದೆ. ಅವರಿಗೆ ನಂಬಿಕೆಯಾಗಲಿಲ್ಲ. ಆದರೆ ಹುಸೇನಕಾಕಾ ನಂಬಿದರು. ಯಲಬುರ್ಗಾದ ಮೋಟಾರು ಓಡಿಸುವವರ ಹತ್ತಿರ ಮೆಕ್ಯಾನಿಕ್ ಆಗಿದ್ದ ಮನುಷ್ಯ, ನಿನಗಿಂತ ಹದಿನೈದು ವರ್ಷಕ್ಕೆ ಹಿರಿಯರು. ಇದ್ದ ಕೆಲಸ ಬಿಟ್ಟು ನಿನ್ನ ಜೊತೆ ಬಂದರು. ಗುಡ್ಡದ ಬುಡದ ಹಿಟ್ಟಿನ ಗಿರಣಿಯ ಪಕ್ಕದಲ್ಲಿ ತಗಡಿನ ಷೆಡ್ಡು ಹಿಡಿದಿರಿ. ಕೆಟ್ಟು ನಿಂತ ಮೋಟಾರಿನಿಂದ ಡೈನಮೊ ಬಿಚ್ಚಿ ತಂದು, ಗಿರಣಿಯ ಎಂಜಿನ್ನಿಗೆ ಪಟ್ಟಾ ಹಾಕಿ ತಿರುಗಿಸಿದವರು ಅವರು. ಕಲ್ಲಿನ ಬಾನಿಯನ್ನು ಬಂಡಿಯಿಂದ ಇಳಿಸುವಾಗ ಅವರ ಹೆಬ್ಬೆರಳ ಉಗುರು ಕಿತ್ತು ಹೋಯಿತು. ನೀನೇ ಅರಿಶಿನ ಹಚ್ಚಿ ಕಟ್ಟಿದ್ದೆ.

ಮೊದಲ ಸಲ ಬಾನಿಯಲ್ಲಿ ಉಪ್ಪುನೀರು ತುಂಬಿ ಕಬ್ಬಿಣದ ತಗಡು ಇಳಿಬಿಟ್ಟು ತಂತಿ ಜೋಡಿಸಿದಾಗ ನಾವು ಮೂವರೂ ಬಾಗಿ ನೋಡುತ್ತಾ ನಿಂತಿದ್ದೆವು. ಒಂದು ತಗಡು ಕರಗುತ್ತಿತ್ತು, ಇನ್ನೊಂದರ ಮೈಮೇಲೆ ಗುಳ್ಳೆ ಏಳುತ್ತಿದ್ದವು, ನಡುವೆ ಪಾಚಿಯಂತಹ ಹಸಿರು ರಾಡಿ. ಆ ರಾಡಿಯನ್ನು ಗಾಳಿ ಬೆರೆಯುವಂತೆ ಬಿದಿರಿನ ಕೋಲಿನಿಂದ ಕಡೆಯುತ್ತಾ ಕೂರುವುದು ನನ್ನ ಕೆಲಸ. ಕಡೆದಂತೆ ಕಡೆದಂತೆ ಹಸಿರು ಹೋಗಿ ಕಡಲೆಹಿಟ್ಟಿನ ಹಳದಿ ಬಂದಿತು. ಹುಸೇನಕಾಕಾ ಅದನ್ನು ಉಗುರಿಗೆ ಹಚ್ಚಿಕೊಂಡು ಬಿಸಿಲಿಗೆ ಹಿಡಿದು ನೋಡಿದರು. ಆ ದಿನ ನೀನು ನನಗೆ ಹೇಳಿದ ಪಾಠ ಒಂದು ಅಕ್ಷರವೂ ಮರೆತಿಲ್ಲ. "ಬೀಗರ ಊಟಕ್ಕ ಕರೀಲಾರದವರೂ ಬಂದು ಕೂಡ್ತಾರಲ್ಲ, ಹಂಗ ಇದು. ನಮಗ ಬೇಕಾದ ಕ್ರಿಯಾದ ಮಗ್ಗಲಾಗ ಬ್ಯಾಡಾದದ್ದೂ ಒಂದು ನಡದಿರತೈತಿ. ಅದನ್ನ ಪೂರಾ ನಿಲ್ಲಸಾಕ ಬರಂಗಿಲ್ಲ. ಕಾವು, ಉಪ್ಪು, ಕರೆಂಟು ಹಿಡಿತದಾಗ ಇಟ್ಕೊಂಡು ಅದನ್ನ ಸಣ್ಣದು ಮಾಡಬೇಕು." ಕಾವು ಎಂಬ ಮಾತನ್ನು ಎಲ್ಲಕ್ಕಿಂತ ಮೊದಲು ಹೇಳಿದವನು ನೀನು. ಇದನ್ನು ನೆನಪಿಟ್ಟುಕೋ.

ಆ ಚಳಿಗಾಲವೆಲ್ಲ ಬಣ್ಣ ಚೆನ್ನಾಗಿ ಬಂತು. ಕಿನ್ನಾಳದವರು ನಿನ್ನನ್ನು ಮನೆಗೆ ಕರೆದು ಹೋಳಿಗೆ ಊಟ ಹಾಕಿಸಿದರು. ಅಲ್ಲಿಂದ ನಿನ್ನ ನಡಿಗೆಯೇ ಬದಲಾಯಿತು. ಬೇಸಿಗೆ ಬರುವ ಹೊತ್ತಿಗೆ ಬಾನಿಗೆ ತಗಡುಗಳನ್ನು ಇಮ್ಮಡಿ ಮಾಡಿಸಿದೆ, ಕರೆಂಟು ಹೆಚ್ಚಿಸಿದೆ, ಮಧ್ಯಾಹ್ನವೂ ನಿಲ್ಲಿಸಬೇಡಿ ಎಂದೆ. ಹುಸೇನಕಾಕಾ ಒಂದು ದಿನ ಬಾನಿಯ ಅಂಚು ಮುಟ್ಟಿ ಕೈ ಹಿಂದಕ್ಕೆಳೆದುಕೊಂಡು, "ಗುರುಶಾಂತಪ್ಪ, ನೀರು ಭಾಳ ಕಾದೈತಿ. ಸ್ವಲ್ಪ ತಡೀಬೇಕೇನೋ" ಎಂದರು. ನೀನು, "ಎಂಜಿನ್ ನಿಂದು, ರಸಾಯನ ನಂದು" ಎಂದುಬಿಟ್ಟೆ. ಅವರು ನಕ್ಕು ಎಂಜಿನ್ನಿನ ಕಡೆ ಹೋದರು. ಆಗಲೇ ಒಂದು ಸಲ ಉಷ್ಣಮಾಪಕ ಅದ್ದಿ ನೋಡಿದ್ದರೆ…

ಚೈತ್ರ ಕಳೆದು ಕೆಲವೇ ದಿನಕ್ಕೆ ಕಿನ್ನಾಳದ ಹಿರಿಯರು ಇನ್ನೂ ಮೂವರನ್ನು ಕರೆದುಕೊಂಡು ಷೆಡ್ಡಿಗೆ ಬಂದರು. ಗಿರಣಿಗೆ ಜೋಳ ಬೀಸಿಸಲು ಬಂದವರೂ ಸುತ್ತ ಸೇರಿದರು. ಹಿರಿಯರು ಒಂದು ತಟ್ಟೆಯಲ್ಲಿ ನಮ್ಮ ಪುಡಿ ಸುರಿದು, "ಇದು ಹಳದಿ ಅಲ್ರಿ. ರೆಕ್ಕಿಗೆ ಹಚ್ಚಿದ್ರ ಸಗಣಿ ಬಳದಂಗ ಕಾಣತೈತಿ. ಇದರಾಗ ಏನೋ ಕರೇದು ಕೂಡೇತಿ" ಎಂದರು. ನಾನು ನಿನ್ನ ಮುಖ ನೋಡುತ್ತಿದ್ದೆ. ಅದು ಒಂದು ಕ್ಷಣ ಖಾಲಿಯಾಯಿತು. ಆಮೇಲೆ ನೀನು ತಿರುಗಿ ಹುಸೇನಕಾಕಾನ ಕಡೆ ನೋಡಿದೆ.

"ಕೂಡಿಲ್ರಿ, ಕೂಡಿಸ್ಯಾರ. ಎಂಜಿನ್ ಕೊಳವಿ ಮಸಿ ಯಾರ ಕೈಯಾಗ ಇರತೈತಿ, ನೀವ ನೋಡ್ರಿ."

ಎಲ್ಲರೂ ನೋಡಿದರು. ಎಂಜಿನ್ನಿನ ಮುಂದೆ ದುಡಿಯುವವನ ಕೈ ಕರಿದಾಗಿರದೆ ಮತ್ತೆ ಹೇಗಿರುತ್ತದೆ? ಅವರು ಕೈಗಳನ್ನು ಅರಿವೆಯಿಂದ ಒರೆಸಿಕೊಳ್ಳತೊಡಗಿದರು. ಅದೇ ಅವರ ತಪ್ಪೊಪ್ಪಿಗೆ ಎನ್ನುವಂತೆ ಜನ ಒಬ್ಬರನ್ನೊಬ್ಬರು ನೋಡಿಕೊಂಡರು.

"ನಾ ಯಾಕ ಬೆರಸಲಿ, ಗುರುಶಾಂತಪ್ಪ?" ಎಂದರು ಅವರು, ಮೆಲ್ಲಗೆ. "ಈ ಬಾನಿ ನೀನೂ ನಾನೂ ಕೂಡೇ ಇಳಿಸೇವಲ್ಲ."

"ಛಲೋ ಬಣ್ಣ ಕದ್ದು ಹೊರಗ ಮಾರಿ ತೂಕಕ್ಕ ಮಸಿ ಹಾಕೀದಿ. ಹೆಚ್ಚು ಮಾತು ಬ್ಯಾಡ. ನಡಿ ಇಲ್ಲಿಂದ."

ಅವರು ಬೋಲ್ಟು ಬಿಗಿಯುವ ಪಾನಾ ಎಂಜಿನ್ನಿನ ಮೇಲಿಟ್ಟರು. ಹೋಗುವಾಗ ನನ್ನ ಕಡೆ ಒಮ್ಮೆ ನೋಡಿದರು. ನಾನು ಬಿದಿರುಕೋಲು ಹಿಡಿದು ತಲೆ ತಗ್ಗಿಸಿ ಕೂತಿದ್ದೆ. ದಿನವೆಲ್ಲ ಬಾನಿಯ ಪಕ್ಕದಲ್ಲೇ ಕೂತಿರುತ್ತಿದ್ದವಳು ನಾನು. ಯಾರೂ ಏನನ್ನೂ ಬೆರೆಸಿಲ್ಲ ಎಂದು ನನಗಲ್ಲದೆ ಇನ್ನಾರಿಗೆ ಗೊತ್ತಿತ್ತು? ಆದರೂ ಬಾಯಿ ತೆರೆಯಲಿಲ್ಲ.

ಮಹಬೂಬಿಯ ಸಂಬಂಧ ಮುರಿದ ಸುದ್ದಿ ಹತ್ತೇ ದಿನಕ್ಕೆ ಬಂತು. ಹುಸೇನಕಾಕಾನ ಒಬ್ಬಳೇ ಮಗಳು, ನಮ್ಮ ಮನೆಗೆ ಬಂದರೆ ಅವ್ವನ ತಲೆಯಲ್ಲಿ ಹೇನು ನೋಡುತ್ತಾ ಕೂರುತ್ತಿದ್ದವಳು. ಅಳವಂಡಿಯ ಎಣ್ಣೆ ಗಾಣದವರ ಮನೆಗೆ ಮಾತಾಗಿತ್ತು. ಅವರು ಹೇಳಿ ಕಳಿಸಿದರಂತೆ, "ನಾವು ಎಣ್ಣಿ ಮಾರೋ ಮಂದಿ. ಕಲಬೆರಕಿ ಮಾಡೋರ ಮನಿ ಹುಡುಗಿ ತಂದ್ರ ನಮ್ಮ ಎಣ್ಣಿ ಯಾರು ತಗೋತಾರ?" ಕೊಪ್ಪಳದಲ್ಲಿ ಯಾವ ಗಿರಣಿಯವರೂ ಕಾಕಾನನ್ನು ಒಳಗೆ ಕರೆಯಲಿಲ್ಲ. ಒಂದು ಮುಂಜಾನೆ ಮನೆಯ ಸಾಮಾನು ಬಂಡಿಗೆ ಹೇರಿಕೊಂಡು ಗಂಗಾವತಿಯ ಕಡೆ ಹೋದರು. ಬಂಡಿ ನಮ್ಮ ಓಣಿಯ ಮುಂದೆಯೇ ಹಾಯಿತು. ನೀನು ಕದ ಮುಂದೆ ಮಾಡಿಕೊಂಡು ಒಳಗೆ ಕೂತಿದ್ದೆ. ನಾಚಿಕೆಗೋ, ಸೊಕ್ಕಿಗೋ?

ಅವರು ಹೋದ ಮೇಲೂ ಬಣ್ಣ ಕರ್ರಗೇ ಬಂದಾಗ ನನಗೆ ಎಚ್ಚರವಾಯಿತು. ಗಿರಣಿಯ ಬೇರೊಬ್ಬ ಆಳು ಎಂಜಿನ್ ನೋಡುತ್ತಿದ್ದ, ಅವನು ನಮ್ಮ ಬಾನಿಯ ಹತ್ತಿರವೂ ಸುಳಿಯುತ್ತಿರಲಿಲ್ಲ. "ಹಳೇ ಮಸಿ ಕಲ್ಲಿಗೆ ಹತ್ತೇತಿ" ಎಂದೆ ನೀನು. ನಾನು ಬಾನಿಯನ್ನು ಇಟ್ಟಂಗಿ ಪುಡಿ ಹಾಕಿ ತಿಕ್ಕಿದೆ, ನನ್ನ ಬೆರಳ ತುದಿ ಸುಲಿದವು. ಮತ್ತೆ ಕಪ್ಪು. ಆದರೆ ಮುಂಜಾನೆ ತೆಗೆದ ರಾಡಿ ಅಷ್ಟು ಕಪ್ಪಿರಲಿಲ್ಲ, ಮಧ್ಯಾಹ್ನದ್ದು ಇದ್ದಿಲಿನಂತೆ. ನೀನು ಊಟಕ್ಕೆ ಹೋದಾಗ ಗೋಡೆಯ ಮೊಳೆಯಿಂದ ಉಷ್ಣಮಾಪಕ ತೆಗೆದು ಬಾನಿಗೆ ಇಳಿಬಿಟ್ಟೆ. ಬೆಳಿಗ್ಗೆ ಮೂವತ್ತರ ಹತ್ತಿರ ಇದ್ದದ್ದು, ಹೊತ್ತು ನೆತ್ತಿಗೆ ಬಂದಾಗ ಅರವತ್ತು ದಾಟಿತ್ತು. ತಲೆಯ ಮೇಲೆ ಕಾದ ತಗಡು, ಕೆಳಗೆ ಇಮ್ಮಡಿ ಕರೆಂಟು. ಒಂದು ವಾರ ದಿನವೂ ನೋಡಿದೆ. ನೀರು ತಂಪಿದ್ದಾಗ ಕಬ್ಬಿಣ ನಿಧಾನವಾಗಿ ಗಾಳಿ ಕುಡಿದು ಹಳದಿಯಾಗುತ್ತಿತ್ತು. ಕಾದಾಗ ಆ ಹಳದಿಯ ದಾರಿ ಬಿಟ್ಟು ಇನ್ನೊಂದು ದಾರಿ ಹಿಡಿದು ಕಪ್ಪಾಗಿ ತಳ ಸೇರುತ್ತಿತ್ತು. ನೀನು ಹೇಳಿದ ಆ ಮಗ್ಗಲಿನ ಕ್ರಿಯೆ, ಕರೆಯದೆ ಬಂದು ಪಂಕ್ತಿಯನ್ನೆಲ್ಲ ಹಿಡಿದು ಕೂತಿತ್ತು.

ನಾನು ಎರಡು ಗಡಿಗೆ ಇಟ್ಟು ನಿನ್ನನ್ನು ಕರೆದ ಆ ಸಂಜೆಯನ್ನು ನೀನು ಮರೆತಿರಲಾರೆ. ಒಂದೇ ಉಪ್ಪುನೀರು, ಒಂದೇ ತಗಡಿನಿಂದ ಕತ್ತರಿಸಿದ ತುಂಡುಗಳು. ಒಂದೇ ತಂತಿ ಎರಡನ್ನೂ ಹಾಯ್ದು ಹೋಗುವಂತೆ ಕಟ್ಟಿದ್ದೆ, ಹಾಗೆ ಕಟ್ಟಿದರೆ ಎರಡಕ್ಕೂ ಸಮ ಕರೆಂಟು ಎಂದು ನೀನೇ ಕಲಿಸಿದ್ದೆ. ಒಂದು ಗಡಿಗೆಯನ್ನು ಒದ್ದೆ ಮರಳಿನಲ್ಲಿ ಹೂತಿದ್ದೆ, ಇನ್ನೊಂದನ್ನು ಶೆಗಡಿಯ ಕೆಂಡದ ಮೇಲಿಟ್ಟಿದ್ದೆ. ಮುಂಜಾನೆಯಿಂದ ಎರಡನ್ನೂ ಸರದಿಯಂತೆ ಕಡೆದಿದ್ದೆ. ಮರಳಿನದು ಹಳದಿ. ಕೆಂಡದ ಮೇಲಿನದು ಕಪ್ಪು. ಆಮೇಲೆ ಆ ಕಪ್ಪನ್ನು ಒಣಗಿಸಿ ಕಾಗದದ ಮೇಲೆ ಹರಡಿದೆ, ಪಕ್ಕದಲ್ಲಿ ಎಂಜಿನ್ ಕೊಳವೆಯ ಮಸಿ ಹರಡಿದೆ. ಮೋಟಾರಿನ ಹಳೆ ಸಾಮಾನಿನಲ್ಲಿ ಸಿಕ್ಕ ಅಯಸ್ಕಾಂತವನ್ನು ಕಾಗದದ ಕೆಳಗೆ ಹಿಡಿದು ಸರಿಸಿದೆ. ಮಸಿ ಕದಲಲಿಲ್ಲ. ನಮ್ಮ ಕಪ್ಪು ಮುಳ್ಳಿನಂತೆ ಎದ್ದು ನಿಂತು ಅಯಸ್ಕಾಂತದ ಹಿಂದೆ ಹಿಂದೆ ಓಡಿತು.

"ಇದು ಮಸಿ ಅಲ್ಲಣ್ಣ. ಕಬ್ಬಿಣನ. ಬಿಸಿಗೆ ಹಿಂಗಾಗೇತಿ" ಎಂದೆ. "ಕಾಕಾಗ ಹೇಳಿ ಕಳಸೋಣು. ಅಳವಂಡಿಯವರಿಗೂ ಹೇಳೋಣು, ಇನ್ನೂ ಹೊತ್ತಾಗಿಲ್ಲ."

ನೀನು ಕಾಗದವನ್ನು ಕೈಗೆ ತೆಗೆದುಕೊಂಡೆ. ಅಯಸ್ಕಾಂತವನ್ನು ನೀನೇ ಎರಡು ಸಲ ಸರಿಸಿ ನೋಡಿದೆ. ನಿನಗೆ ತಿಳಿಯಿತು, ಅಣ್ಣಾ. ತಿಳಿದದ್ದನ್ನು ನಾನು ನಿನ್ನ ಕಣ್ಣಲ್ಲಿ ಕಂಡೆ. ಆಮೇಲೆ ನೀನು ಕಾಗದ ಮಡಚಿ ಕೆಂಡಕ್ಕೆ ಹಾಕಿದೆ. ಎರಡೂ ಗಡಿಗೆಗಳನ್ನು ಎತ್ತಿ ಹೊರಗೆ ಸುರಿದೆ.

"ಹತ್ತು ಮಂದಿ ಮುಂದ ಆಡಿದ ಮಾತು ತಿರುಗಿ ನುಂಗಲೇನು? ಓದಿ ಬಂದಾವ ನಾನು. ಬಿಸಿ ನೋಡಲಿಲ್ಲ ಅಂತ ಕಿನ್ನಾಳದವರ ಮುಂದ ಹೇಳಲೇನು?"

"ಅವರ ಮಗಳ ಬಾಳೇವು ಹೋಗತೈತಲ್ಲ."

"ನಿನ್ನ ಬಾಳೇವು ಎಲ್ಲೈತಿ ಅದನ್ನ ನೋಡ್ಕೋ. ಈ ಮನಿಯಾಗ ಇರಬೇಕಂದ್ರ ಬಾಯಿ ಮುಚ್ಕೊಂಡಿರು."

ಕುಷ್ಟಗಿಯಿಂದ ತಿರುಗಿ ಬಂದವಳಿಗೆ ಆಡುವ ಮಾತು ಅದು. ಎಲ್ಲಿ ಒತ್ತಿದರೆ ನೋಯುತ್ತದೆ ಎಂದು ನಿನಗೆ ಗೊತ್ತಿತ್ತು, ಅಲ್ಲೇ ಒತ್ತಿದೆ. ನಾನು ಬಾಯಿ ಮುಚ್ಚಿದೆ.

ಮಾರನೆಯ ದಿನ ನೀನು ಬಂಡಿಯಲ್ಲಿ ಮರಳು ತರಿಸಿದೆ. ಬಾನಿಯ ಸುತ್ತ ಮರಳು ತುಂಬಿಸಿ ನೀರು ಹೊಡೆಸಿದೆ. ತಗಡು ಅರ್ಧಕ್ಕೆ ಇಳಿಸಿದೆ. ಬೆಳಗಿನ ತಂಪಿನಲ್ಲಿ ಮಾತ್ರ ಕೆಲಸ ಎಂದೆ. ನಾನು ತೋರಿಸಿದ್ದನ್ನೆಲ್ಲ ಮಾಡಿದೆ, ಏಕೆ ಎಂದು ಮಾತ್ರ ಯಾರಿಗೂ ಹೇಳಲಿಲ್ಲ. ಹಳದಿ ಮತ್ತೆ ಬಂತು. ಕಿನ್ನಾಳದ ಹಿರಿಯರು ಬಂದು, "ಆ ಮನಷಾ ಹೋದ ಮ್ಯಾಲ ಬಣ್ಣ ಸ್ವಚ್ಛ ಆತು ನೋಡ್ರಿ" ಎಂದರು. ನೀನು, "ಹೌದ್ರಿ" ಎಂದೆ. ಒಂದೇ ಮಾತು, ಹೌದ್ರಿ. ಮೊದಲು ಹೇಳಿದ್ದು ಗಾಬರಿಯಲ್ಲಿ ಬಂದದ್ದು ಎಂದು ನಾನು ಹೇಗೋ ನುಂಗಿಕೊಂಡೇನು. ಈ ಹೌದ್ರಿಯನ್ನು ಹೇಗೆ ನುಂಗಲಿ? ನಾನು ಕಂಡುಹಿಡಿದ ಸತ್ಯವನ್ನೇ ತೆಗೆದುಕೊಂಡು ನೀನು ಅವರ ಮೇಲಿನ ಸುಳ್ಳಿಗೆ ಸಾಕ್ಷಿ ಮಾಡಿದೆ. ಮೂರು ವರ್ಷ ನಾನು ಆ ಹಳದಿಯನ್ನು ಕಡೆದೆ, ಸೋಸಿದೆ, ನೆರಳಲ್ಲಿ ಒಣಗಿಸಿದೆ. ನಿನ್ನ ಪಾಪದಲ್ಲಿ ನನ್ನ ಪಾಲೂ ಇದೆ, ಇಲ್ಲವೆನ್ನುವುದಿಲ್ಲ.

ನಾಲ್ಕು ತಿಂಗಳ ಹಿಂದೆ ವಾಂತಿಭೇದಿ ಹತ್ತಿದ ಎರಡನೆಯ ದಿನ ನಿನ್ನ ದನಿ ಪೂರಾ ಇಂಗಿತ್ತು. ಅವ್ವ ಗಂಜಿ ಕಾಯಿಸಲು ಹೋದಾಗ ನಾನು ಕಿವಿಯ ಹತ್ತಿರ ಬಾಗಿ, "ಹುಸೇನಕಾಕಾಗ ಏನರ ಹೇಳೂದೈತೇನು?" ಎಂದು ಕೇಳಿದೆ. ನೀನು ಗೋಡೆಯ ಕಡೆ ಹೊರಳಿದೆ. ನೋವಿಗೆ ಹೊರಳಿದೆಯೋ, ಆ ಹೆಸರಿಗೆ ಹೊರಳಿದೆಯೋ… ಒಂದು ತಲೆಯಾಡಿಸಿದ್ದರೆ ಸಾಕಿತ್ತು. ನಾನು ಕಾದೆ. ನೀನು ಮತ್ತೆ ಈ ಕಡೆ ತಿರುಗಲಿಲ್ಲ.

ಹೋದ ವಾರ ಗಂಗಾವತಿಗೆ ಹೋಗಿದ್ದೆ. ಇದು ನಿನಗೆ ಗೊತ್ತಿಲ್ಲದ ಸುದ್ದಿ. ಹುಸೇನಕಾಕಾ ಅಲ್ಲಿ ಒಂದು ಅಕ್ಕಿ ಗಿರಣಿಯ ಎಂಜಿನ್ ನೋಡಿಕೊಂಡಿದ್ದಾರೆ. ಗಡ್ಡ ಪೂರ್ತಿ ಬೆಳ್ಳಗಾಗಿದೆ. ನನ್ನನ್ನು ಕಂಡು ಸ್ಟೂಲು ಒರೆಸಿ ಕೊಟ್ಟರು. ಮಹಬೂಬಿಯನ್ನು ಕಾರಟಗಿಯ ಒಬ್ಬ ಹೆಂಡತಿ ತೀರಿದವನಿಗೆ ಕೊಟ್ಟಿದ್ದಾರೆ, ಅವನ ಮೂರು ಮಕ್ಕಳನ್ನು ಸಾಕುತ್ತಿದ್ದಾಳೆ. "ಛಲೋ ಅದೀನಿ ಅಂತಾಳ. ನಾ ಹೆಚ್ಚಿಗಿ ಕೇಳಂಗಿಲ್ಲ" ಎಂದರು. ನಾನು ಗಡಿಗೆಗಳ ಸಂಗತಿ, ಅಯಸ್ಕಾಂತದ ಸಂಗತಿ ಎಲ್ಲ ಹೇಳಿದೆ. ಅವರು ಎಂಜಿನ್ನಿನ ಕಡೆ ನೋಡುತ್ತಲೇ ಕೇಳಿದರು, "ಇದು ಗುರುಶಾಂತಪ್ಪಗ ಗೊತ್ತಿತ್ತೇನು?"

ದಾರಿಯುದ್ದಕ್ಕೂ ನಿನಗಾಗಿ ಒಂದು ಸುಳ್ಳು ಸಿದ್ಧ ಮಾಡಿಕೊಂಡು ಹೋಗಿದ್ದೆ. ಸತ್ತವನು, ಹೋಗಲಿ ಎಂದು. ಬಾಯಿಗೆ ಬಂದದ್ದು ಬೇರೆ.

"ಗೊತ್ತಿತ್ತು ಕಾಕಾ. ನಾನ ತೋರಿಸಿದ್ದೆ. ನೀವು ಊರು ಬಿಟ್ಟು ಇನ್ನೂ ತಿಂಗಳಾಗಿರಲಿಲ್ಲ."

ಅವರು ಅರಿವೆ ತೆಗೆದುಕೊಂಡು ಕೈ ಒರೆಸಿಕೊಂಡರು. "ನಾ ಏನ ತಿಳ್ಕೊಂಡಿದ್ದೆ ಗೊತ್ತೈತೇನವ್ವಾ" ಎಂದರು ಆಮೇಲೆ. "ಅವಗ ಖರೇನ ಹಂಗ ಅನಿಸಿತ್ತು ಅಂತ. ಮನಷಾ ತಪ್ಪು ತಿಳೀತಾನ. ಅದಕ್ಕ ಅವನ ಮಣ್ಣಿಗೆ ಬಂದಿದ್ದೆ. ಮಂದಿ ಹಿಂದ ನಿಂತು, ಎಲ್ಲಾರೂ ಹೋದ ಮ್ಯಾಲ ಒಂದು ಹಿಡಿ ಮಣ್ಣು ಹಾಕಿದೆ. ಮಾಫ್ ಮಾಡೀನಿ ಅಂತ ಮನಸ್ನ್ಯಾಗ ಅಂದಿದ್ದೆ." ಸ್ವಲ್ಪ ತಡೆದು, "ಅದನ್ನ ಈಗ ವಾಪಸ್ ತಗೋತೀನಿ" ಎಂದರು.

"ತಗೋರಿ" ಎಂದೆ ನಾನು.

"ನೀನು ಮೂರು ವರ್ಸ ಎಲ್ಲಿದ್ದೀ?" ಎಂದು ಕೇಳಿದರು. ಉತ್ತರಕ್ಕೆ ಕಾಯದೆ ಎದ್ದು ಎಂಜಿನ್ನಿಗೆ ಎಣ್ಣೆ ಬಿಟ್ಟರು. ನಾನು ಏಳುವಾಗ ಒಂದೇ ಒಂದು ಕೇಳಿದರು. "ಅಳವಂಡಿಗೆ ಹೋಗಿ ಆ ಮನಿಯವರ ಮುಂದ ಹೇಳ್ತೀಯೇನು? ಸಂಬಂಧ ಮುಗದ ಹೋತು, ಅದು ತಿರುಗಿ ಬರಂಗಿಲ್ಲ. ನನ್ನ ಮಗಳು ಕಲಬೆರಕಿ ಮಾಡೋನ ಮಗಳಲ್ಲ ಅಂತ ಅವರಿಗೆ ತಿಳೀಬೇಕು, ಅಷ್ಟ."

ಮೊನ್ನೆ ಕಿನ್ನಾಳಕ್ಕೆ ಹೋಗಿ ಬಂದೆ. ಹಿರಿಯರು, "ಸತ್ತವರ ಮ್ಯಾಲ ಯಾಕವ್ವಾ ಈಗ" ಎಂದರು. "ಬದುಕಿದವರ ಸಲುವಾಗ್ರಿ" ಎಂದೆ. ಅಯಸ್ಕಾಂತ ತೆಗೆದುಕೊಂಡು ಹೋಗಿದ್ದೆ. ಅವರ ಮನೆಯಲ್ಲಿ ಆ ಬೇಸಿಗೆಯ ಪುಡಿ ಇನ್ನೂ ಒಂದು ಮಡಕೆಯ ತಳದಲ್ಲಿತ್ತು. ಅವರ ಸೊಸೆಯಂದಿರು, ಮಕ್ಕಳು ಎಲ್ಲ ಸುತ್ತ ನಿಂತು ಅದರ ಕಪ್ಪು ಅಯಸ್ಕಾಂತದ ಹಿಂದೆ ಓಡುವುದನ್ನು ನೋಡಿದರು. ಹಿರಿಯರು ಒಳಗೆ ಎದ್ದು ಹೋದರು.

ಅವ್ವನಿಗೆ ನಿನ್ನೆ ಎಲ್ಲ ಹೇಳಿದೆ. ಸತ್ತ ಮಗನ ಹೆಸರು ಕೆಡಿಸಬೇಡ ಎಂದು ಕಾಲು ಹಿಡಿಯಲು ಬಂದಳು. ಇವತ್ತು ಊಟ ಬಿಟ್ಟು ಮಲಗಿದ್ದಾಳೆ. ಪಾಪ, ಅವಳದೇನು ತಪ್ಪು? ಆದರೆ ನಾನು ನಿಲ್ಲುವುದಿಲ್ಲ. ನಾಳೆ ಬೆಳಗಿನ ಮೋಟಾರಿಗೆ ಅಳವಂಡಿಗೆ ಹೊರಟಿದ್ದೇನೆ. ಆ ಗಾಣದ ಮನೆಯ ಅಂಗಳದಲ್ಲಿ ನಿಂತು, ಓಣಿಯವರು ಸೇರುವವರೆಗೂ ಕಾದು ಹೇಳುತ್ತೇನೆ. ಯಾರು ಆ ಸುಳ್ಳು ಹೇಳಿದವನು ಎಂದು ಕೇಳಿದರೆ, ನಿನ್ನ ಹೆಸರನ್ನು ಅಪ್ಪನ ಹೆಸರಿನ ಸಮೇತ, ಪೂರ್ತಿ ಹೇಳುತ್ತೇನೆ. ನಾನು ಅವನಿಗೆ ಏನಾಗಬೇಕು ಎಂದು ಕೇಳಿದರೆ, ಅದನ್ನೂ ಹೇಳುತ್ತೇನೆ.

ನೀಲವ್ವ